ಮೇಕೆ ಹಿಂಡಿಗೆ ಕೊಟ್ಟಿಗೆ ಮತ್ತು ಮೇಯುವ ಜಾಗದ ಯೋಜನೆ

1. ಪೀಠಿಕೆ

ಮೇಕೆಯನ್ನು ಬಡವರ ಹಸು ಎಂದು ಕರೆಯುವುದು ರೂಢಿಯಲ್ಲಿದೆ. ಅಲ್ಪ ಬಂಡವಾಳ, ಶೀಘ್ರ ಸಂತಾನಾಭಿವೃದ್ಧಿ ಹಾಗೂ ಹಣದ ಅಗತ್ಯ ಬಿದ್ದಾಗ ತಕ್ಷಣ ಮಾರಾಟ ಮಾಡಬಹುದಾದ ಅನುಕೂಲ, ಈ ಮೂರು ಕಾರಣಗಳಿಂದ ಸಣ್ಣ ರೈತರು, ಅತಿ ಸಣ್ಣ ರೈತರು ಮತ್ತು ಭೂರಹಿತ ಕೃಷಿ ಕಾರ್ಮಿಕರು ಮೇಕೆ ಸಾಕಾಣಿಕೆಯನ್ನು ಅವಲಂಬಿಸಿರುತ್ತಾರೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 14.89 ಕೋಟಿ ಹಾಗೂ ಕರ್ನಾಟಕ ರಾಜ್ಯದಲ್ಲಿ ಸುಮಾರು 61.7 ಲಕ್ಷ ಮೇಕೆಗಳಿದ್ದವು. 2012ರ ಗಣತಿಯಲ್ಲಿ ರಾಜ್ಯದ ಮೇಕೆಗಳ ಸಂಖ್ಯೆಯು ಸುಮಾರು 48 ಲಕ್ಷವಿತ್ತು. ಏಳು ವರ್ಷಗಳ ಅವಧಿಯಲ್ಲಿ ಸಂಖ್ಯೆಯು ನಾಲ್ಕನೇ ಒಂದು ಭಾಗಕ್ಕಿಂತಲೂ ಅಧಿಕವಾಗಿ ವೃದ್ಧಿಸಿದೆ. ಆದರೆ ಮೇಯುವ ಭೂಮಿಯು ಅದೇ ಪ್ರಮಾಣದಲ್ಲಿ ವೃದ್ಧಿಸುವಂತಹುದಲ್ಲ.

ಹೊಸದಾಗಿ ಮೇಕೆ ಸಾಕಾಣಿಕೆ ಆರಂಭಿಸುವವರು ಸಾಮಾನ್ಯವಾಗಿ ಮೊದಲು ಕೊಟ್ಟಿಗೆ ಕಟ್ಟಿಸಿ, ತದನಂತರ ಮೇಕೆಗಳನ್ನು ಖರೀದಿಸಿ, ಕೊನೆಯಲ್ಲಿ ಮೇವಿನ ಬಗ್ಗೆ ಯೋಚಿಸುವುದು ಕಂಡುಬರುತ್ತದೆ. ಈ ಕ್ರಮವು ನಷ್ಟಕ್ಕೆ ದಾರಿಯಾಗುತ್ತದೆ. ಸರಿಯಾದ ಕ್ರಮವು ಇದಕ್ಕೆ ತದ್ವಿರುದ್ಧವಾದುದು. ಬೇಸಿಗೆಯಲ್ಲಿ ಲಭ್ಯವಾಗುವ ಮೇವು ಎಷ್ಟೆಂಬುದನ್ನು ಮೊದಲು ಲೆಕ್ಕ ಹಾಕಬೇಕು. ಆ ಮೇವಿಗೆ ತಕ್ಕಂತೆ ಹಿಂಡಿನ ಗಾತ್ರವನ್ನು ನಿಗದಿಪಡಿಸಬೇಕು. ಹಿಂಡು ಅತ್ಯಧಿಕ ಸಂಖ್ಯೆಯಲ್ಲಿರುವ ತಿಂಗಳಿಗೆ ತಕ್ಕಂತೆ ಕೊಟ್ಟಿಗೆಯನ್ನು ಕಟ್ಟಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯು ಮೇಕೆ ಸಾಕಾಣಿಕೆಗೂ ಅನ್ವಯಿಸುತ್ತದೆ. ಇಲ್ಲಿ ಹಾಸಿಗೆಯೆಂದರೆ ಕೊಟ್ಟಿಗೆಯಲ್ಲ, ಮೇವು.

ಈ ಲೇಖನದಲ್ಲಿ 20 ಹೆಣ್ಣು ಮೇಕೆ ಮತ್ತು 1 ಹೋತದ ಘಟಕವನ್ನು ಉದಾಹರಣೆಯಾಗಿಟ್ಟುಕೊಂಡು ಜಾಗದ ಲೆಕ್ಕಾಚಾರವನ್ನು ವಿವರಿಸಲಾಗಿದೆ. ರೈತರು ತಮ್ಮ ಹಿಂಡಿನ ಸಂಖ್ಯೆಗೆ ಅನುಗುಣವಾಗಿ ಅಂಕಿಗಳನ್ನು ಬದಲಾಯಿಸಿಕೊಳ್ಳಬಹುದು.

2. ಹಿಂಡಿನ ನಿಜವಾದ ಸಂಖ್ಯೆ

20 ಮೇಕೆ ಹಾಗೂ 1 ಹೋತ ಖರೀದಿಸಿದವರು 21 ಪ್ರಾಣಿಗಳಿಗೆ ಕೊಟ್ಟಿಗೆ ಕಟ್ಟುವುದು ಸಾಮಾನ್ಯ ತಪ್ಪು. ಮೇಕೆಯ ಗರ್ಭಾವಧಿಯು ಸುಮಾರು 150 ದಿನಗಳು. ಉತ್ತಮ ನಿರ್ವಹಣೆಯಲ್ಲಿ ಎರಡು ವರ್ಷಗಳಿಗೆ ಮೂರು ಬಾರಿ, ಅಂದರೆ ಸುಮಾರು 8 ತಿಂಗಳಿಗೊಮ್ಮೆ ಮೇಕೆಗಳು ಮರಿ ಹಾಕುತ್ತವೆ. 20 ಮೇಕೆಗಳ ಪೈಕಿ 18 ಮೇಕೆಗಳು ಮರಿ ಹಾಕಿ, ಸರಾಸರಿ ಒಂದೂವರೆ ಮರಿಯಂತೆ 27 ಮರಿಗಳು ಜನಿಸಿ, ಅವುಗಳಲ್ಲಿ 3 ಮರಣ ಹೊಂದಿದರೆ 24 ಮರಿಗಳು ಉಳಿಯುತ್ತವೆ. ಈ ಮರಿಗಳನ್ನು 9 ತಿಂಗಳ ವಯಸ್ಸಿನಲ್ಲಿ ಮಾರಾಟ ಮಾಡುವುದಾದರೆ, ಮೊದಲ ತಂಡದ ಮರಿಗಳು ಮಾರಾಟವಾಗುವ ಮುನ್ನವೇ ಎರಡನೇ ತಂಡದ 24 ಮರಿಗಳು ಜನಿಸಿರುತ್ತವೆ. ಆ ತಿಂಗಳಿನಲ್ಲಿ ಕೊಟ್ಟಿಗೆಯಲ್ಲಿರುವ ಪ್ರಾಣಿಗಳ ಸಂಖ್ಯೆ ಈ ಕೆಳಕಂಡಂತಿರುತ್ತದೆ.

ಹೆಣ್ಣು ಮೇಕೆಗಳು – 20
ಹೋತ – 1
ಬೆಳೆಯುವ ಮರಿಗಳು (3 ರಿಂದ 9 ತಿಂಗಳು) – 24
ಎಳೆ ಮರಿಗಳು (3 ತಿಂಗಳ ಒಳಗೆ) – 24
ಒಟ್ಟು – 69

21 ಪ್ರಾಣಿಗಳಿಗೆ ಕಟ್ಟಿದ ಕೊಟ್ಟಿಗೆಯಲ್ಲಿ 69 ಪ್ರಾಣಿಗಳನ್ನು ತುಂಬಿದಾಗ ನೆಲವು ಸದಾ ತೇವವಾಗಿದ್ದು, ಎಳೆ ಮರಿಗಳಲ್ಲಿ ರಕ್ತಭೇದಿ ಹಾಗೂ ಶ್ವಾಸಕೋಶದ ಸೋಂಕು ಕಾಣಿಸಿಕೊಳ್ಳುತ್ತವೆ. ಬಲಿಷ್ಠ ಮೇಕೆಗಳು ಗೋದಲಿಯನ್ನು ಆಕ್ರಮಿಸಿ, ಗಬ್ಬದ ಮೇಕೆಗಳಿಗೆ ಹಾಗೂ ಮರಿಗಳಿಗೆ ಮೇವು ದೊರೆಯದಂತಾಗುತ್ತದೆ. ಇಂತಹ ಸಂದರ್ಭಗಳಲ್ಲಿ ಮರಿಗಳ ಮರಣಕ್ಕೆ ರೋಗವನ್ನು ಮಾತ್ರ ಕಾರಣವೆಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಜಾಗದ ಕೊರತೆಯೇ ಮೂಲ ಕಾರಣವಾಗಿರುತ್ತದೆ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಜಾಗ ಹಾಗೂ ಮೇವಿನ ಲೆಕ್ಕ ಹಾಕುವಾಗ ಹೆಚ್ಚು ಮರಿಗಳು ಜನಿಸುತ್ತವೆ ಎಂದು ಎಣಿಸಬೇಕು. ಆದಾಯದ ಲೆಕ್ಕ ಹಾಕುವಾಗ ಕಡಿಮೆ ಮರಿಗಳು ಮಾರಾಟವಾಗುತ್ತವೆ ಎಂದು ಎಣಿಸಬೇಕು. ಎರಡಕ್ಕೂ ಒಂದೇ ಅಂಕಿಯನ್ನು ಬಳಸಿದಲ್ಲಿ ಯೋಜನೆಯು ಒಂದಲ್ಲ ಒಂದು ಕಡೆ ವಿಫಲವಾಗುತ್ತದೆ.

3. ಮೇವಿನ ಅವಶ್ಯಕತೆ

ಮೇವಿನ ಲೆಕ್ಕವನ್ನು ಶುಷ್ಕಾಂಶದಲ್ಲಿ, ಅಂದರೆ ನೀರಿನ ಅಂಶವನ್ನು ಬಿಟ್ಟು ಉಳಿಯುವ ತೂಕದಲ್ಲಿ ಹಾಕಲಾಗುತ್ತದೆ. ಮೇಕೆಗೆ ಪ್ರತಿದಿನ ಅದರ ದೇಹತೂಕದ ಶೇ. 3 ರಿಂದ 4ರಷ್ಟು ಶುಷ್ಕಾಂಶ ಬೇಕಾಗುತ್ತದೆ. 30 ಕಿ.ಗ್ರಾಂ. ತೂಕದ ಮೇಕೆಗೆ ದಿನಕ್ಕೆ ಸುಮಾರು 1 ಕಿ.ಗ್ರಾಂ., ಹೋತಕ್ಕೆ ಒಂದೂವರೆ ಕಿ.ಗ್ರಾಂ., ಬೆಳೆಯುವ ಮರಿಗೆ ಸರಾಸರಿ 600 ಗ್ರಾಂ ಹಾಗೂ ತಾಯಿಯ ಹಾಲು ಕುಡಿಯುವ ಎಳೆ ಮರಿಗೆ ಸರಾಸರಿ 100 ಗ್ರಾಂ ಎಂದು ಇಟ್ಟುಕೊಳ್ಳಬಹುದು. ಎರಡು ವರ್ಷಗಳಿಗೆ ಮೂರು ತಂಡಗಳಂತೆ ವರ್ಷಕ್ಕೆ 36 ಮರಿಗಳು ಬೆಳೆಯುತ್ತವೆ. ಅದರಂತೆ ವಾರ್ಷಿಕ ಅವಶ್ಯಕತೆ ಈ ಕೆಳಕಂಡಂತಿದೆ.

20 ಮೇಕೆಗಳು, 365 ದಿನ – 7,300 ಕಿ.ಗ್ರಾಂ.
1 ಹೋತ, 365 ದಿನ – 550 ಕಿ.ಗ್ರಾಂ.
36 ಬೆಳೆಯುವ ಮರಿಗಳು, 180 ದಿನ – 3,890 ಕಿ.ಗ್ರಾಂ.
36 ಎಳೆ ಮರಿಗಳು, 90 ದಿನ – 320 ಕಿ.ಗ್ರಾಂ.
ಒಟ್ಟು – 12,060 ಕಿ.ಗ್ರಾಂ., ಅಂದರೆ ಸುಮಾರು 12 ಟನ್

ಇದರಲ್ಲಿ ಸುಮಾರು ಒಂದೂವರೆ ಟನ್ ಹಿಂಡಿ ಮಿಶ್ರಣದಿಂದ ಬರುತ್ತದೆ. ಉಳಿದ ಹತ್ತೂವರೆ ಟನ್ ಮೇವಿನಿಂದಲೇ ಬರಬೇಕು. ಅದರಲ್ಲಿ ಏಳು ಟನ್ ಹಸಿರು ಮೇವಿನಿಂದ, ಮೂರೂವರೆ ಟನ್ ಒಣ ಮೇವಿನಿಂದ ಎಂದು ಭಾಗಿಸಿದಲ್ಲಿ, ಸುಮಾರು 32 ಟನ್ ಹಸಿರು ಮೇವು ಹಾಗೂ 4 ಟನ್ ಒಣ ಮೇವು ಬೇಕಾಗುತ್ತದೆ. ಮೇಕೆಯು ತುಳಿದ ಅಥವಾ ಮಲಿನಗೊಂಡ ಮೇವನ್ನು ತಿನ್ನುವುದಿಲ್ಲವಾದ್ದರಿಂದ ಪೋಲಾಗುವ ಅಂಶವನ್ನು ಸೇರಿಸಿ 38 ಟನ್ ಹಸಿರು ಮೇವನ್ನು ಯೋಜಿಸುವುದು ಸೂಕ್ತ.

4. ಕಟ್ಟಿ ಮೇಯಿಸುವ ಪದ್ಧತಿಗೆ ಬೇಕಾದ ಜಮೀನು

ಪೂರ್ಣವಾಗಿ ಕೊಟ್ಟಿಗೆಯಲ್ಲಿಯೇ ಮೇಯಿಸುವುದಾದರೆ ಮೇಲ್ಕಂಡ ಘಟಕಕ್ಕೆ ನೀರಾವರಿ ಸೌಲಭ್ಯವಿರುವ ಸುಮಾರು 1 ಎಕರೆ ಜಮೀನನ್ನು ಮೇವಿಗಾಗಿಯೇ ಮೀಸಲಿಡಬೇಕಾಗುತ್ತದೆ. ಅದರ ಹಂಚಿಕೆ ಈ ರೀತಿ ಇರಬಹುದು.

ಅ) ಕಾಲು ಎಕರೆಯಲ್ಲಿ ಸಂಕರಣ ನೇಪಿಯರ್ ಹುಲ್ಲು. ಉತ್ತಮ ನಿರ್ವಹಣೆಯಲ್ಲಿ ಎಕರೆಗೆ 100 ಟನ್‌ಗಿಂತ ಅಧಿಕ ಇಳುವರಿ ಸಾಧ್ಯವಿದ್ದರೂ ಯೋಜನೆಯಲ್ಲಿ 60 ಟನ್ ಮಾತ್ರ ಎಣಿಸಬೇಕು. ಅದರಂತೆ 15 ಟನ್.

ಆ) ಅರ್ಧ ಎಕರೆಯಲ್ಲಿ ಬೇಲಿ ಮೆಂತ್ಯ, ಕುದುರೆ ಮಸಾಲೆ, ಅಲಸಂದೆ ಮುಂತಾದ ದ್ವಿದಳ ಮೇವು. ಎಕರೆಗೆ 30 ಟನ್‌ನಂತೆ 15 ಟನ್.

ಇ) ಬದುಗಳ ಮೇಲೆ ಮತ್ತು ಬೇಲಿಯುದ್ದಕ್ಕೂ ಅಗಸೆ, ಸುಬಾಬುಲ್, ಗೊಬ್ಬರದ ಗಿಡ, ಹಾಲುವಾಣ ಮುಂತಾದ 500 ಮೇವಿನ ಮರಗಳು. ವರ್ಷಕ್ಕೆ ಮರವೊಂದಕ್ಕೆ 15 ಕಿ.ಗ್ರಾಂ. ಸೊಪ್ಪಿನಂತೆ ಏಳೂವರೆ ಟನ್.

ಈ) ಉಳಿದ ಕಾಲು ಎಕರೆಯಲ್ಲಿ ಋತುಮಾನಕ್ಕೆ ತಕ್ಕಂತೆ ಮೇವಿನ ಜೋಳ ಅಥವಾ ಮುಸುಕಿನ ಜೋಳ. ಇದು ಒಂದು ಬೆಳೆ ಕೈಕೊಟ್ಟಾಗ ಆಪತ್ಕಾಲದ ಮೀಸಲು.

ಮೇಕೆಯು ಸ್ವಭಾವತಃ ಸೊಪ್ಪು ತಿನ್ನುವ ಪ್ರಾಣಿಯಾಗಿರುವುದರಿಂದ ಕೇವಲ ಹುಲ್ಲನ್ನೇ ನೀಡಿ ಸಾಕುವುದು ಸಮಂಜಸವಲ್ಲ. ಸುಬಾಬುಲ್ ಸೊಪ್ಪಿನಲ್ಲಿ ಮೈಮೋಸಿನ್ ಎಂಬ ವಿಷಕಾರಿ ಅಂಶವಿರುವುದರಿಂದ ಅದು ಒಟ್ಟು ಮೇವಿನ ಮೂರನೇ ಒಂದು ಭಾಗವನ್ನು ಮೀರಬಾರದು. ಎಳೆಯ ಹಾಗೂ ಮಳೆಯಿಲ್ಲದೆ ಬಾಡಿದ ಜೋಳದ ಪೈರಿನಲ್ಲಿ ಸಯನೈಡ್ ವಿಷಾಂಶವಿರುವುದರಿಂದ ಹೂ ಬಿಡುವ ಮುನ್ನ ಅದನ್ನು ಮೇಯಿಸಬಾರದು.

ಒಣ ಮೇವಿಗೆ ಶೇಂಗಾ ಬಳ್ಳಿ, ತೊಗರಿ ಮತ್ತು ಕಡಲೆ ಹೊಟ್ಟು, ಹುರುಳಿ ಹೊಟ್ಟು ಹಾಗೂ ರಾಗಿ ಹುಲ್ಲು ಯೋಗ್ಯವಾಗಿವೆ. ಇವುಗಳನ್ನು ಸುಗ್ಗಿಯ ಸಮಯದಲ್ಲಿಯೇ ಸಂಗ್ರಹಿಸಬೇಕು. ಬೇಸಿಗೆಯಲ್ಲಿ ಖರೀದಿಸಲು ಹೊರಟಲ್ಲಿ ದರ ಏರಿರುತ್ತದೆ, ಕೆಲವೊಮ್ಮೆ ಹಣ ನೀಡಿದರೂ ದೊರೆಯುವುದಿಲ್ಲ.

5. ಬಯಲಿನಲ್ಲಿ ಮೇಯಿಸುವ ಪದ್ಧತಿಗೆ ಬೇಕಾದ ಜಾಗ

ಮಳೆಯಾಶ್ರಿತ ಹುಲ್ಲುಗಾವಲಿನ ಸಾಮರ್ಥ್ಯವನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಬಾರದು. ಅದನ್ನು ಅಳೆಯುವ ಸುಲಭ ವಿಧಾನ ಹೀಗಿದೆ. ಮಳೆಗಾಲ ಮುಗಿದು ಹುಲ್ಲು ಬಲಿತ ನಂತರ, ಅಕ್ಟೋಬರ್ ಅಂತ್ಯದ ವೇಳೆಗೆ, 1 ಮೀಟರ್ ಉದ್ದ ಮತ್ತು 1 ಮೀಟರ್ ಅಗಲದ ಚೌಕಟ್ಟನ್ನು ಜಮೀನಿನ ಹತ್ತು ಬೇರೆ ಬೇರೆ ಸ್ಥಳಗಳಲ್ಲಿಟ್ಟು, ಅದರೊಳಗಿನ ಹುಲ್ಲನ್ನು ಕೊಯ್ದು, ಚೆನ್ನಾಗಿ ಒಣಗಿಸಿ ತೂಗಬೇಕು. ಸರಾಸರಿ ತೂಕ 100 ಗ್ರಾಂ ಬಂದಲ್ಲಿ ಎಕರೆಗೆ ಸುಮಾರು 400 ಕಿ.ಗ್ರಾಂ. ಒಣ ಹುಲ್ಲು ಇದೆಯೆಂದು ತಿಳಿಯಬೇಕು. ಹುಲ್ಲುಗಾವಲು ಮುಂದಿನ ವರ್ಷವೂ ಉಳಿಯಬೇಕಾದರೆ ಇದರಲ್ಲಿ ಅರ್ಧಭಾಗವನ್ನು ಮಾತ್ರ ಮೇಯಿಸಬೇಕು. ಉಳಿದರ್ಧವು ಬೇರು, ಬೀಜ ಹಾಗೂ ಮಣ್ಣಿನ ರಕ್ಷಣೆಗೆ ಬಿಡತಕ್ಕದ್ದು.

ಅದರಂತೆ ಎಕರೆಗೆ 200 ಕಿ.ಗ್ರಾಂ. ಮೇವು ದೊರೆಯುತ್ತದೆ. ವಯಸ್ಕ ಮೇಕೆಯೊಂದಕ್ಕೆ ವರ್ಷಕ್ಕೆ 365 ಕಿ.ಗ್ರಾಂ. ಬೇಕು. ಅಂದರೆ ಇಂತಹ ಕ್ಷೀಣಿಸಿದ ಹುಲ್ಲುಗಾವಲಿನಲ್ಲಿ ಒಂದು ಮೇಕೆಗೆ ಎರಡು ಎಕರೆಯ ಸಮೀಪ ಜಾಗ ಬೇಕಾಗುತ್ತದೆ. ಗಿಡಮರಗಳ ಸೊಪ್ಪು ಲಭ್ಯವಿರುವ ಕಡೆ ಇದು ಕಡಿಮೆಯಾಗಬಹುದು. ಬನ್ನಿ, ಜಾಲಿ, ಎಲಚಿ, ಬೇವು ಮುಂತಾದ ಮರಗಳನ್ನು ಕಾಪಾಡಿ, ಅವುಗಳ ನಡುವೆ ಅಂಜನ್ ಹುಲ್ಲು ಹಾಗೂ ಸ್ಟೈಲೋ ದ್ವಿದಳ ಮೇವನ್ನು ಬಿತ್ತಿ ಅಭಿವೃದ್ಧಿಪಡಿಸಿದ ಜಾಗವು ಕ್ಷೀಣಿಸಿದ ಜಾಗಕ್ಕಿಂತ ಹಲವು ಪಟ್ಟು ಮೇವನ್ನು ನೀಡುತ್ತದೆ. ಆದರೆ ಹೊಸದಾಗಿ ನೆಟ್ಟ ಮರಗಳು ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರ ಬೆಳೆಯುವವರೆಗೆ ಅಲ್ಲಿಗೆ ಹಿಂಡನ್ನು ಬಿಡಬಾರದು.

ಸ್ವಂತ ಜಮೀನಿನಲ್ಲಿ ಮೇಯಿಸುವವರು ಅದನ್ನು ಕನಿಷ್ಠ ಆರು ತುಂಡುಗಳಾಗಿ ವಿಂಗಡಿಸಿ ಸರದಿಯಂತೆ ಮೇಯಿಸುವುದು ಉತ್ತಮ. ಹಿಕ್ಕೆಯೊಂದಿಗೆ ಹೊರಬೀಳುವ ಜಂತುಹುಳುಗಳ ಮೊಟ್ಟೆಗಳು ಒಡೆದು ಸೋಂಕುಕಾರಕ ಮರಿಹುಳುಗಳಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ಒಂದು ತುಂಡಿನಲ್ಲಿ ಐದಾರು ದಿನಗಳಿಗಿಂತ ಹೆಚ್ಚು ಕಾಲ ಹಿಂಡನ್ನು ಬಿಡಬಾರದು. ಮೇಯಿಸಿದ ತುಂಡಿಗೆ ಕನಿಷ್ಠ ಒಂದು ತಿಂಗಳ ವಿರಾಮ ನೀಡಬೇಕು. ಬೇಸಿಗೆಯಲ್ಲಿ ಹುಲ್ಲು ಚಿಗುರುವುದು ನಿಧಾನವಾದ್ದರಿಂದ ವಿರಾಮದ ಅವಧಿಯನ್ನು ಹೆಚ್ಚಿಸಬೇಕು. ಮರಿಹುಳುಗಳು ಇಬ್ಬನಿಯ ತೇವದಲ್ಲಿ ಹುಲ್ಲಿನ ತುದಿಗೆ ಏರುವುದರಿಂದ ಇಬ್ಬನಿ ಆರಿದ ನಂತರವೇ ಹಿಂಡನ್ನು ಹೊರಗೆ ಬಿಡುವುದು ಕ್ಷೇಮ.

6. ಗೋಮಾಳ ಮತ್ತು ಅರಣ್ಯ ಭೂಮಿ

ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ ಕಲಂ 71ರ ಮೇರೆಗೆ ಸರ್ಕಾರಿ ಜಮೀನನ್ನು ಗ್ರಾಮದ ಜಾನುವಾರುಗಳ ಉಚಿತ ಮೇವಿಗಾಗಿ ಕಾಯ್ದಿರಿಸಲು ಅವಕಾಶವಿದೆ. 1966ರ ನಿಯಮಗಳಲ್ಲಿ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆಯಂತೆ ಗೋಮಾಳ ಕಾಯ್ದಿರಿಸುವ ಪ್ರಮಾಣವನ್ನು ನಿಗದಿಪಡಿಸಲಾಗಿದೆ. ಸಾಮುದಾಯಿಕ ಭೂಮಿಗಳ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆಗಳನ್ನು ರೂಪಿಸುವಂತೆ ಸರ್ವೋಚ್ಚ ನ್ಯಾಯಾಲಯವು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿದೆ.

ಗೋಮಾಳವು ಭೂರಹಿತ ಸಾಕಾಣಿಕೆದಾರರಿಗೆ ಆಧಾರವಾಗಿದೆ ಎಂಬುದು ನಿಜ. ಆದರೆ ಯೋಜನೆ ಮಾಡುವಾಗ ಗ್ರಾಮದ ಸಂಪೂರ್ಣ ಗೋಮಾಳವನ್ನು ತನ್ನ ಹಿಂಡಿನ ಮೇವೆಂದು ಒಬ್ಬರೇ ಎಣಿಸಿಕೊಳ್ಳಬಾರದು. ಉದಾಹರಣೆಗೆ 60 ಎಕರೆ ಗೋಮಾಳವಿರುವ ಗ್ರಾಮದಲ್ಲಿ ಎಕರೆಗೆ 200 ಕಿ.ಗ್ರಾಂ.ನಂತೆ ವರ್ಷಕ್ಕೆ 12,000 ಕಿ.ಗ್ರಾಂ. ಮೇವು ದೊರೆಯುತ್ತದೆ. ಇದು ಕೇವಲ 33 ವಯಸ್ಕ ಮೇಕೆಗಳ ವಾರ್ಷಿಕ ಅವಶ್ಯಕತೆ. ಅದೇ ಗ್ರಾಮದ ಹಸು, ಎಮ್ಮೆ, ಕುರಿಗಳಿಗೂ ಅದೇ ಗೋಮಾಳವೇ ಆಧಾರ. ಆದ್ದರಿಂದ ಗೋಮಾಳವನ್ನು ಪೂರಕ ಮೇವಿನ ಮೂಲವೆಂದು ಮಾತ್ರ ಪರಿಗಣಿಸಿ, ಉಳಿದ ಅವಶ್ಯಕತೆಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಗ್ರಾಮದ ಸಾಕಾಣಿಕೆದಾರರು ಒಟ್ಟಾಗಿ ಗೋಮಾಳದ ಒಂದು ಭಾಗವನ್ನು ಮಳೆಗಾಲದಲ್ಲಿ ಮುಚ್ಚಿ, ಹುಲ್ಲು ಬಲಿತ ನಂತರ ತೆರೆಯುವ ಒಪ್ಪಂದ ಮಾಡಿಕೊಂಡಲ್ಲಿ ಎಲ್ಲರಿಗೂ ಅನುಕೂಲವಾಗುತ್ತದೆ.

ಕಾಯ್ದಿರಿಸಿದ ಅರಣ್ಯ ಪ್ರದೇಶದಲ್ಲಿ ಅನುಮತಿಯಿಲ್ಲದೆ ಜಾನುವಾರು ಮೇಯಿಸುವುದು ಕರ್ನಾಟಕ ಅರಣ್ಯ ಅಧಿನಿಯಮ 1963ರ ಅಡಿಯಲ್ಲಿ ಅಪರಾಧವಾಗಿರುತ್ತದೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ 1972ರ ಮೇರೆಗೆ ರಾಷ್ಟ್ರೀಯ ಉದ್ಯಾನಗಳಲ್ಲಿ ಜಾನುವಾರುಗಳ ಪ್ರವೇಶವನ್ನು ನಿರ್ಬಂಧಿಸಲಾಗಿದೆ. ಅರಣ್ಯದ ಅಂಚಿನ ಗ್ರಾಮಗಳವರು ಅರಣ್ಯವನ್ನು ಮೇವಿನ ಲೆಕ್ಕದಲ್ಲಿ ಸೇರಿಸಿಕೊಳ್ಳತಕ್ಕದ್ದಲ್ಲ.

ಕೊಯ್ಲಿನ ನಂತರ ಹೊಲಗಳಲ್ಲಿ ಮಂದೆ ನಿಲ್ಲಿಸುವ ಪದ್ಧತಿಯು ಬಯಲುಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೊಲದ ಮಾಲೀಕರಿಗೆ ಗೊಬ್ಬರ, ಹಿಂಡಿಗೆ ಕೂಳೆ ಮೇವು ದೊರೆಯುವುದರಿಂದ ಉಭಯತ್ರರಿಗೂ ಲಾಭಕರ. ಸುಗ್ಗಿಗೆ ಮುನ್ನವೇ ಅಕ್ಕಪಕ್ಕದ ರೈತರೊಂದಿಗೆ ಮಾತುಕತೆ ಮಾಡಿಕೊಂಡಲ್ಲಿ ಎರಡು ತಿಂಗಳ ಮೇವಿನ ಒಂದು ಭಾಗವನ್ನು ಈ ಮೂಲಕ ಸರಿದೂಗಿಸಬಹುದು. ಕೀಟನಾಶಕ ಸಿಂಪಡಿಸಿದ ಬೆಳೆಯ ಹೊಲಗಳನ್ನು ವಿಚಾರಿಸಿ ತಿಳಿದು ವರ್ಜಿಸಬೇಕು.

7. ಕೊಟ್ಟಿಗೆಯ ಸ್ಥಳ ಮತ್ತು ರಚನೆ

ಅ) ಕೊಟ್ಟಿಗೆಯ ಸ್ಥಳವು ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿದ್ದು, ಮಳೆನೀರು ನಿಲ್ಲದೆ ಹರಿದುಹೋಗುವಂತಿರಬೇಕು. ಕುಡಿಯುವ ನೀರಿನ ಬಾವಿ, ಕೊಳವೆ ಬಾವಿಗಳಿಂದ ದೂರವಿರಬೇಕು.

ಆ) ಕೊಟ್ಟಿಗೆಯ ಉದ್ದವು ಪೂರ್ವ-ಪಶ್ಚಿಮ ದಿಕ್ಕಿನಲ್ಲಿರಬೇಕು. ಇದರಿಂದ ಬೇಸಿಗೆಯ ನೇರ ಬಿಸಿಲು ಒಳಗೆ ಬೀಳುವುದು ಕಡಿಮೆಯಾಗುತ್ತದೆ. ಅಗಲವು 20 ರಿಂದ 25 ಅಡಿ ಮೀರಬಾರದು. ಅಗಲ ಹೆಚ್ಚಾದಲ್ಲಿ ಮಧ್ಯಭಾಗಕ್ಕೆ ಗಾಳಿ ತಲುಪುವುದಿಲ್ಲ. ಉದ್ದವನ್ನು ಮುಂದೆ ವಿಸ್ತರಿಸಲು ಒಂದು ಕಡೆ ಖಾಲಿ ಜಾಗ ಬಿಡುವುದು ಜಾಣತನ.

ಇ) ಬದಿಗಳ ಎತ್ತರ 8 ರಿಂದ 10 ಅಡಿ ಇರಬೇಕು. ಮೂರರಿಂದ ನಾಲ್ಕು ಅಡಿ ಗೋಡೆ ಕಟ್ಟಿ, ಅದರ ಮೇಲೆ ಸೂರಿನವರೆಗೆ ಬಲವಾದ ಜಾಲರಿ ಅಳವಡಿಸಬೇಕು. ಮಳೆ ಮತ್ತು ಚಳಿಗಾಳಿಯ ದಿನಗಳಲ್ಲಿ ಗೋಣಿ ಪರದೆಗಳನ್ನು ಇಳಿಬಿಡಬಹುದು.

ಈ) ಬಯಲುಸೀಮೆಯಲ್ಲಿ ಮೊರಂ ಮಣ್ಣು ಹಾಕಿ ಗಟ್ಟಿಗೊಳಿಸಿದ ನೆಲವು ಸಾಕಾಗುತ್ತದೆ. ಮಲೆನಾಡು ಮತ್ತು ಕರಾವಳಿಯಂತಹ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ನೆಲದಿಂದ 3 ರಿಂದ 4 ಅಡಿ ಎತ್ತರದ ಅಟ್ಟಣಿಗೆ ಕೊಟ್ಟಿಗೆ ಅವಶ್ಯಕ. ಮರದ ಪಟ್ಟಿಗಳ ನಡುವಿನ ಸಂದು ಸುಮಾರು ಒಂದೂವರೆ ಸೆಂ.ಮೀ. ಇರಬೇಕು. ಹಿಕ್ಕೆ ಕೆಳಗೆ ಬೀಳಬೇಕು, ಕಾಲು ಸಿಕ್ಕಿಕೊಳ್ಳಬಾರದು. ಎಳೆ ಮರಿಗಳ ವಿಭಾಗದಲ್ಲಿ ಸಂದು ಇನ್ನೂ ಕಿರಿದಾಗಿರಬೇಕು.

ಉ) ಹೆಂಚು, ತಗಡು ಅಥವಾ ತೆಂಗಿನ ಗರಿಯ ಛಾವಣಿಯನ್ನು ಸ್ಥಳೀಯ ಲಭ್ಯತೆಗೆ ತಕ್ಕಂತೆ ಆರಿಸಿಕೊಳ್ಳಬಹುದು. ತಗಡಿನ ಛಾವಣಿಯ ಮೇಲೆ ಬೇಸಿಗೆಯಲ್ಲಿ ಹುಲ್ಲು ಅಥವಾ ಗರಿ ಹೊದಿಸಬೇಕು. ಕೊಟ್ಟಿಗೆಯ ಪಶ್ಚಿಮಕ್ಕೆ ನೆರಳಿನ ಮರಗಳಿದ್ದಲ್ಲಿ ಸಂಜೆಯ ಬಿಸಿಲಿನ ತಾಪ ಕಡಿಮೆಯಾಗುತ್ತದೆ.

8. ಕೊಟ್ಟಿಗೆಯ ವಿಸ್ತೀರ್ಣದ ಲೆಕ್ಕ

ಮೇಲ್ಕಂಡ ಘಟಕದಲ್ಲಿ ಪ್ರಾಣಿಗಳು ಅತ್ಯಧಿಕ ಸಂಖ್ಯೆಯಲ್ಲಿರುವ ತಿಂಗಳಿಗೆ ಅಗತ್ಯವಾದ ಛಾವಣಿಯುಳ್ಳ ಜಾಗದ ವಿವರ ಈ ಕೆಳಕಂಡಂತಿದೆ.

20 ಮೇಕೆಗಳು, ತಲಾ 12 ಚ.ಅಡಿ – 240 ಚ.ಅಡಿ
1 ಹೋತ, ಪ್ರತ್ಯೇಕ ವಿಭಾಗ – 25 ಚ.ಅಡಿ
24 ಬೆಳೆಯುವ ಮರಿಗಳು, ತಲಾ 8 ಚ.ಅಡಿ – 192 ಚ.ಅಡಿ
24 ಎಳೆ ಮರಿಗಳು, ತಲಾ 4 ಚ.ಅಡಿ – 96 ಚ.ಅಡಿ
ಮರಿ ಹಾಕುವ ವಿಭಾಗ 3, ತಲಾ 20 ಚ.ಅಡಿ – 60 ಚ.ಅಡಿ
ರೋಗಗ್ರಸ್ತ ಪ್ರಾಣಿಗಳ ವಿಭಾಗ – 40 ಚ.ಅಡಿ
ಹಿಂಡಿ ಮತ್ತು ಸಲಕರಣೆಗಳ ದಾಸ್ತಾನು – 60 ಚ.ಅಡಿ
ಓಡಾಟದ ಹಾದಿ – 80 ಚ.ಅಡಿ
ಒಟ್ಟು – 793 ಚ.ಅಡಿ

ಅಂದರೆ 40 ಅಡಿ ಉದ್ದ, 20 ಅಡಿ ಅಗಲದ ಕೊಟ್ಟಿಗೆ ಸಾಕಾಗುತ್ತದೆ. ರೋಗಗ್ರಸ್ತ ಪ್ರಾಣಿಗಳ ವಿಭಾಗವನ್ನು ಸಾಧ್ಯವಾದಲ್ಲಿ ಮುಖ್ಯ ಕೊಟ್ಟಿಗೆಯಿಂದ ಬೇರ್ಪಡಿಸಿ, ದೂರದಲ್ಲಿ ಕಟ್ಟುವುದು ಉತ್ತಮ. 21 ಪ್ರಾಣಿಗಳನ್ನು ಮಾತ್ರ ಎಣಿಸಿದ್ದಲ್ಲಿ 265 ಚ.ಅಡಿ ಸಾಕೆಂದು ತೋರುತ್ತಿತ್ತು. ಎರಡರ ನಡುವಿನ ವ್ಯತ್ಯಾಸವು ಮೂರು ಪಟ್ಟಿನಷ್ಟಿದೆ.

ಪ್ರಾಣಿಗಳಿಗೆ ಬೇಕಾದ ಜಾಗದ ಎರಡು ಪಟ್ಟು, ಅಂದರೆ ಸುಮಾರು 1,100 ಚ.ಅಡಿ ತೆರೆದ ಅಂಗಳವು ಕೊಟ್ಟಿಗೆಗೆ ಹೊಂದಿಕೊಂಡಿರಬೇಕು. 40 ಅಡಿ ಉದ್ದ, 28 ಅಡಿ ಅಗಲದ ಅಂಗಳ ಇದಕ್ಕೆ ಸರಿಹೊಂದುತ್ತದೆ. ಗೋದಲಿಯಲ್ಲಿ ವಯಸ್ಕ ಮೇಕೆಗೆ ಸುಮಾರು 16 ಅಂಗುಲ, ಬೆಳೆಯುವ ಮರಿಗೆ 12 ಅಂಗುಲ ಉದ್ದದ ಜಾಗ ಬೇಕು. ಎಲ್ಲ ಮೇಕೆಗಳೂ ಏಕಕಾಲದಲ್ಲಿ ಮೇಯಲು ಸಾಧ್ಯವಾಗುವುದು ಮುಖ್ಯ. ಕುಡಿಯುವ ನೀರು ಹಾಗೂ ಸ್ವಚ್ಛತೆಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 250 ಲೀಟರ್ ನೀರು ಬೇಕಾಗುವುದರಿಂದ ಎರಡು ದಿನಗಳ ದಾಸ್ತಾನಿಗೆ 500 ಲೀಟರ್ ತೊಟ್ಟಿ ಇರಬೇಕು. ಒಣ ಮೇವಿನ ಬಣವೆಯನ್ನು ಬೆಂಕಿಯ ಅಪಾಯದ ದೃಷ್ಟಿಯಿಂದ ಕೊಟ್ಟಿಗೆಗೆ ತಾಗಿಸಿ ಒಟ್ಟಬಾರದು.

ನಂದಿದುರ್ಗ, ಬಿದರಿ, ಉಸ್ಮಾನಾಬಾದಿ ಮುಂತಾದ ಮಧ್ಯಮ ಗಾತ್ರದ ತಳಿಗಳಿಗೆ ಈ ಅಳತೆ ಹೊಂದುತ್ತದೆ. ಜಮುನಾಪಾರಿ, ಬೀಟಲ್, ಬೋಯರ್ ಮುಂತಾದ ದೊಡ್ಡ ಗಾತ್ರದ ತಳಿಗಳಿಗೆ ಜಾಗ ಮತ್ತು ಮೇವು ಎರಡನ್ನೂ ಹೆಚ್ಚಿಸಬೇಕಾಗುತ್ತದೆ.

9. ಕಾವಲು ಮತ್ತು ಬೇಲಿ

ಚಿರತೆ, ತೋಳ ಹಾಗೂ ಬೀದಿನಾಯಿಗಳ ದಾಳಿಯಿಂದ ಒಂದೇ ರಾತ್ರಿಯಲ್ಲಿ ಹಿಂಡಿನ ಬಹುಭಾಗ ನಾಶವಾಗುವ ಸಂಭವವಿರುತ್ತದೆ. ಚಿರತೆಯ ಸಂಚಾರವಿರುವ ಕಡೆ ರಾತ್ರಿ ಮೇಕೆಗಳನ್ನು ತೆರೆದ ಅಂಗಳದಲ್ಲಿ ಬಿಡದೆ, ಗೋಡೆ ಮತ್ತು ಛಾವಣಿಯ ನಡುವೆ ಸಂದಿಲ್ಲದಂತೆ ಜಾಲರಿಯಿಂದ ಮುಚ್ಚಿದ ಕೊಟ್ಟಿಗೆಯೊಳಗೆ ಕೂಡಬೇಕು. ಅಂಗಳಕ್ಕೆ ಕನಿಷ್ಠ 4 ಅಡಿ ಎತ್ತರದ ಜಾಲರಿ ಬೇಲಿ ಇರಬೇಕು. ಮೇವಿನ ಜಮೀನಿಗೆ ಗೊಬ್ಬರದ ಗಿಡ, ಕಳ್ಳಿ ಮುಂತಾದ ಸಜೀವ ಬೇಲಿ ಅಗ್ಗವಾದುದು. ಮೇಕೆಯಿಂದ ರಕ್ಷಿಸದ ಮೇವಿನ ಬೆಳೆಯು ಮೇಕೆಗೆ ದಕ್ಕುವುದಿಲ್ಲವೆಂಬುದನ್ನು ನೆನಪಿಡಬೇಕು.

10. ಬಂಡವಾಳದ ಹಂಚಿಕೆ

ಕೊಟ್ಟಿಗೆಗೆ ಹೂಡುವ ಹಣವು ಸ್ಥಿರ ಬಂಡವಾಳ. ಮೇವು, ಲಸಿಕೆ, ಔಷಧಿಗಳಿಗೆ ಬೇಕಾಗುವ ಹಣವು ದುಡಿಯುವ ಬಂಡವಾಳ. ಸಾಲದ ಬಹುಭಾಗವನ್ನು ಕಟ್ಟಡಕ್ಕೆ ವಿನಿಯೋಗಿಸಿದವರಿಗೆ ಮೊದಲ ಬೇಸಿಗೆಯಲ್ಲಿಯೇ ಮೇವು ಖರೀದಿಗೆ ಹಣವಿಲ್ಲದಂತಾಗುತ್ತದೆ. ಆಗ ಗಬ್ಬದ ಮೇಕೆಗಳನ್ನೇ ಮಾರಾಟ ಮಾಡಬೇಕಾಗುತ್ತದೆ. ಮೇಕೆ ಹೋದ ಮೇಲೆ ಕೊಟ್ಟಿಗೆಯೂ ಸಾಲದ ಕಂತೂ ಉಳಿಯುತ್ತವೆ.

ಲೆಕ್ಕ ತಿಳಿಯುವ ಸಲುವಾಗಿ ಒಂದು ಉದಾಹರಣೆ: 3 ಲಕ್ಷ ರೂಪಾಯಿ ವೆಚ್ಚದ ಕೊಟ್ಟಿಗೆಯು 15 ವರ್ಷ ಬಾಳಿಕೆ ಬಂದಲ್ಲಿ ವರ್ಷಕ್ಕೆ 20,000 ರೂಪಾಯಿ ಸವಕಳಿಯಾಗುತ್ತದೆ. ವರ್ಷಕ್ಕೆ 24 ಮರಿಗಳು ಮಾತ್ರ ಮಾರಾಟವಾಗುತ್ತವೆ ಎಂದಿಟ್ಟುಕೊಂಡಲ್ಲಿ ಪ್ರತಿ ಮರಿಯ ಬೆಲೆಯಲ್ಲಿ ಸುಮಾರು 833 ರೂಪಾಯಿ ಕೊಟ್ಟಿಗೆಗೇ ಸಂದಾಯವಾಗುತ್ತದೆ. ಅದೇ ಘಟಕಕ್ಕೆ 6 ಲಕ್ಷ ರೂಪಾಯಿಯ ಕೊಟ್ಟಿಗೆ ಕಟ್ಟಿದಲ್ಲಿ ಈ ಮೊತ್ತ ಸುಮಾರು 1,667 ರೂಪಾಯಿ ಆಗುತ್ತದೆ. ಸಾಲದ ಬಡ್ಡಿ ಇದಕ್ಕೆ ಹೊರತು. ಜಾಗದಲ್ಲಿ ಉಳಿತಾಯ ಮಾಡಬಾರದು, ಅಲಂಕಾರದಲ್ಲಿ ಉಳಿತಾಯ ಮಾಡಬೇಕು. ಸಿಮೆಂಟ್ ಕಂಬದ ಬದಲು ಮರದ ಕಂಬ, ಪೂರ್ಣ ಗೋಡೆಯ ಬದಲು ಅರ್ಧ ಗೋಡೆ ಹಾಕಿದರೂ ಮೇಕೆಗೆ ಯಾವ ಕೊರತೆಯೂ ಆಗುವುದಿಲ್ಲ.

2021ರಲ್ಲಿ ಪರಿಷ್ಕರಿಸಲಾದ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಡಿ 100 ಹೆಣ್ಣು ಮತ್ತು 5 ಗಂಡು ಪ್ರಾಣಿಗಳ ಘಟಕದಿಂದ 500 ಹೆಣ್ಣು ಮತ್ತು 25 ಗಂಡು ಪ್ರಾಣಿಗಳ ಘಟಕದವರೆಗೆ ಬಂಡವಾಳ ವೆಚ್ಚದ ಶೇ. 50ರ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿರುತ್ತದೆ. ಇಂತಹ ಘಟಕಗಳ ಆಸಕ್ತರು ಮೇಲಿನ ಲೆಕ್ಕವನ್ನು ಐದರಿಂದ ಗುಣಿಸಿ ನೋಡಬೇಕು. 100 ಮೇಕೆಗಳ ಘಟಕಕ್ಕೆ ವರ್ಷಕ್ಕೆ ಸುಮಾರು 60 ಟನ್ ಶುಷ್ಕಾಂಶ, ಸುಮಾರು 4,000 ಚ.ಅಡಿ ಕೊಟ್ಟಿಗೆ ಹಾಗೂ 5 ಎಕರೆ ನೀರಾವರಿ ಮೇವಿನ ಜಮೀನು ಬೇಕಾಗುತ್ತದೆ. ಸಹಾಯಧನವು ಮೇವನ್ನು ಬೆಳೆಯುವುದಿಲ್ಲ.

11. ಬೇಸಿಗೆ ಮತ್ತು ಬರಗಾಲಕ್ಕೆ ಸಿದ್ಧತೆ

ಫೆಬ್ರವರಿಯಿಂದ ಮೇ ತಿಂಗಳವರೆಗೆ ಮೇವಿನ ಕೊರತೆ ತೀವ್ರವಾಗಿರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಎಲ್ಲರೂ ಒಮ್ಮೆಗೇ ಮಾರಾಟಕ್ಕೆ ಹೊರಟಾಗ ಸಂತೆಯಲ್ಲಿ ಮೇಕೆಯ ಬೆಲೆ ಕುಸಿಯುತ್ತದೆ, ಮೇವಿನ ಬೆಲೆ ಏರುತ್ತದೆ. ಆದ್ದರಿಂದ ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

ಅ) ಜನವರಿ ಅಂತ್ಯದಲ್ಲಿ ಸಂಗ್ರಹವಿರುವ ಒಣ ಮೇವನ್ನು ತೂಕದ ಅಂದಾಜಿನೊಂದಿಗೆ ಲೆಕ್ಕ ಹಾಕಬೇಕು. ಉದಾಹರಣೆಯ ಘಟಕವು ತುಂಬಿರುವಾಗ ದಿನಕ್ಕೆ ಸುಮಾರು 38 ಕಿ.ಗ್ರಾಂ. ಶುಷ್ಕಾಂಶ ಬೇಕು. 120 ದಿನಗಳಿಗೆ ಇದು ನಾಲ್ಕೂವರೆ ಟನ್ ಆಗುತ್ತದೆ.

ಆ) ಕೊರತೆ ಕಂಡುಬಂದಲ್ಲಿ ಫೆಬ್ರವರಿಯ ಒಳಗಾಗಿ ಮಾರಾಟಕ್ಕೆ ಬಂದ ಗಂಡು ಮರಿಗಳು, ವಯಸ್ಸಾದ ಹಾಗೂ ಬರಡು ಮೇಕೆಗಳನ್ನು ವಿಲೇವಾರಿ ಮಾಡಬೇಕು. ಆಯ್ದ ಹೆಣ್ಣು ಮೇಕೆಗಳನ್ನು ಉಳಿಸಿಕೊಳ್ಳಬೇಕು.

ಇ) ಮಳೆಗಾಲದಲ್ಲಿ ಹೆಚ್ಚುವರಿಯಾಗುವ ಮೇವಿನ ಜೋಳ, ಮುಸುಕಿನ ಜೋಳಗಳನ್ನು ರಸಮೇವಾಗಿ ಸಂಗ್ರಹಿಸಬೇಕು.

ಈ) ಹೊಸದಾಗಿ ಖರೀದಿಸಿದ ಮೇಕೆಗಳನ್ನು ಕನಿಷ್ಠ 21 ದಿನ ಪ್ರತ್ಯೇಕವಾಗಿರಿಸಿದ ನಂತರವೇ ಹಿಂಡಿಗೆ ಸೇರಿಸಬೇಕು. ಪಿ.ಪಿ.ಆರ್., ಕರುಳುಬೇನೆ, ಕಾಲುಬಾಯಿ ಜ್ವರಗಳ ಲಸಿಕೆಯನ್ನು ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು. ಕರುಳುಬೇನೆಯ ಲಸಿಕೆಯನ್ನು ಮುಂಗಾರಿಗೆ ಮುನ್ನ ಹಾಕಿಸುವುದು ಅತ್ಯಗತ್ಯ.

12. ಆರಂಭಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ಏಪ್ರಿಲ್ ತಿಂಗಳಿನಲ್ಲಿ ಎಷ್ಟು ಮೇಕೆಗಳಿಗೆ ಮೇವು ಒದಗಿಸಲು ಸಾಧ್ಯ?
2) ಮೇವಿನ ಬೆಳೆಯನ್ನು ಮೇಕೆ ಖರೀದಿಗೆ ಕನಿಷ್ಠ ಮೂರು ತಿಂಗಳು ಮುನ್ನ ನಾಟಿ ಮಾಡಲಾಗಿದೆಯೇ?
3) ಮರಿಗಳು ಸೇರಿ ಹಿಂಡಿನ ಗರಿಷ್ಠ ಸಂಖ್ಯೆಗೆ ಕೊಟ್ಟಿಗೆಯ ಅಳತೆ ಸಾಕಾಗುತ್ತದೆಯೇ?
4) ಕೊಟ್ಟಿಗೆ ಕಟ್ಟಿದ ನಂತರ ಒಂದು ವರ್ಷದ ಮೇವಿಗೆ ಹಣ ಉಳಿಯುತ್ತದೆಯೇ?
5) ಮೇಯಿಸಲು ಉದ್ದೇಶಿಸಿದ ಭೂಮಿ ಸ್ವಂತದ್ದೇ, ಗೋಮಾಳವೇ ಅಥವಾ ಅರಣ್ಯವೇ?

ಮೇಲಿನ ಯಾವುದೇ ಪ್ರಶ್ನೆಗೆ ಸಮಾಧಾನಕರ ಉತ್ತರ ದೊರೆಯದಿದ್ದಲ್ಲಿ 20 ಮೇಕೆಗಳ ಬದಲು 5 ಅಥವಾ 10 ಮೇಕೆಗಳಿಂದ ಆರಂಭಿಸಿ, ಒಂದು ಬೇಸಿಗೆ ಕಳೆದ ನಂತರ ವಿಸ್ತರಿಸುವುದು ಕ್ಷೇಮಕರ. ಸಣ್ಣ ಹಿಂಡನ್ನು ದೊಡ್ಡದು ಮಾಡುವುದು ಸುಲಭ. ದೊಡ್ಡ ಹಿಂಡನ್ನು ಬೇಸಿಗೆಯಲ್ಲಿ ನಷ್ಟವಿಲ್ಲದೆ ಸಣ್ಣದು ಮಾಡುವುದು ಕಷ್ಟಸಾಧ್ಯ.

ಹೆಚ್ಚಿನ ಮಾಹಿತಿಗಾಗಿ ಹಾಗೂ ಯೋಜನೆಗಳ ಪ್ರಚಲಿತ ಮಾರ್ಗಸೂಚಿಗಳಿಗಾಗಿ ಸಮೀಪದ ಪಶುವೈದ್ಯಕೀಯ ಸಂಸ್ಥೆ ಅಥವಾ ತಾಲ್ಲೂಕಿನ ಪಶುಪಾಲನಾ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ಪ್ರಾಣಿಗಳ ತುರ್ತು ಚಿಕಿತ್ಸೆಗೆ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.